ಕ್ರೈಸ್ತ ಶಾಲೆಯ ದಿನದ ಪ್ರಾರ್ಥನೆ: ತಂದೆತಾಯಿಯ ಒಪ್ಪಿಗೆ ಕೇಳಬೇಕಲ್ವಾ?

ಕೋಡಿಬಾಗದ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಕಾರವಾರದ ಒಂದು ಕ್ರೈಸ್ತ ಪ್ರಾಥಮಿಕ ಶಾಲೆಯಲ್ಲಿ ಎರಡನೇ ಕ್ಲಾಸು. ಶಾಲೆಯ ಹೆಸರು ಬೇಡ. ಪಾಠ ಚೆನ್ನಾಗಿದೆ. ಸಿಸ್ಟರ್‌ಗಳು ಪ್ರತಿ ಮಗುವನ್ನೂ ಹೆಸರು ಹಿಡಿದು ಕರೆಯುತ್ತಾರೆ. ಆಡುವಾಗ ಬಿದ್ದು ಮೊಣಕಾಲು ತರಚಿದರೂ ಮನೆಗೆ ಫೋನ್ ಬರುತ್ತದೆ. ಹಾಗಾಗಿ ಶಾಲೆ ಬಿಡಿಸುವ ಯೋಚನೆ ನಮಗಿಲ್ಲ.

ವಿಷಯ ಇಷ್ಟು. ಬೆಳಿಗ್ಗೆ ಅಸೆಂಬ್ಲಿಯಲ್ಲಿ ನಾಡಗೀತೆ ಮುಗಿದ ಮೇಲೆ ಯೇಸುವಿನ ಪ್ರಾರ್ಥನೆ ಇರುತ್ತದೆ. ಊಟಕ್ಕೆ ಮೊದಲು ಒಂದು, ಸಂಜೆ ಬಿಡುವಾಗ ಇನ್ನೊಂದು. ತಿಂಗಳ ಮೊದಲ ಶುಕ್ರವಾರ ಎಲ್ಲ ಮಕ್ಕಳನ್ನೂ ಚಾಪೆಲ್‌ಗೆ ಕರೆದುಕೊಂಡು ಹೋಗುತ್ತಾರೆ. ಮಗಳಿಗೆ ಇದೆಲ್ಲ ಬಹಳ ಇಷ್ಟ. ಮನೆಯಲ್ಲೂ ತಟ್ಟೆಗೆ ಅನ್ನ, ಮೀನುಸಾರು ಬಿದ್ದ ತಕ್ಷಣ ಬೆರಳು ಹೆಣೆದು ಕಣ್ಣು ಮುಚ್ಚುತ್ತಾಳೆ. ತುಟಿ ಅಲ್ಲಾಡುತ್ತಿರುತ್ತದೆ. ಒಂದು ಕಣ್ಣು ಸ್ವಲ್ಪ ತೆರೆದು, ತಮ್ಮ ಮೊದಲೇ ಶುರು ಮಾಡಿದನಾ ಎಂದು ನೋಡುತ್ತಾಳೆ. ಕೊನೆಗೆ ಹಣೆ, ಎದೆ, ಭುಜ ಮುಟ್ಟಿಕೊಂಡು ಊಟಕ್ಕೆ ಕೈ ಹಾಕುತ್ತಾಳೆ. ನಮ್ಮದು ಮೀನುಗಾರರ ಮನೆ. ಅತ್ತೆಗೆ ಇದನ್ನು ನೋಡಿದರೆ ಸಂಕಟ. "ನಮ್ಮ ದೇವರು ಮಗುವಿಗೆ ಯಾವಾಗ ಗೊತ್ತಾಗುವುದು?" ಎನ್ನುತ್ತಾರೆ.

ಮಗು ದೇವರನ್ನು ನೆನೆದು ಉಣ್ಣುವುದು ನನಗೆ ತಪ್ಪಾಗಿ ಕಾಣುವುದಿಲ್ಲ. ಆದರೆ ಇದನ್ನು ಕಲಿಸುವ ಮೊದಲು ನಮ್ಮನ್ನು ಒಂದು ಮಾತು ಕೇಳಬೇಕಿತ್ತು ಅನಿಸುತ್ತದೆ. ಅಡ್ಮಿಷನ್ ಫಾರ್ಮ್ ಇಂಗ್ಲಿಷಿನಲ್ಲಿತ್ತು. ಮಗು ಶಾಲೆಯ ಎಲ್ಲ ಚಟುವಟಿಕೆಗಳಲ್ಲಿ ಭಾಗವಹಿಸುತ್ತದೆ ಎಂಬ ಸಾಲು ಅದರಲ್ಲಿದೆ. ಅದಕ್ಕೆ ಹಾಕಿದ ಸಹಿಯೇ ಪ್ರಾರ್ಥನೆಗೂ ಒಪ್ಪಿಗೆಯಾಗುತ್ತದಾ? ತಿಳಿದವರು ಹೇಳಿ.

ಬೈತಖೋಲದವ

ಕ್ರಿಶ್ಚಿಯನ್ ಶಾಲೆಗೆ ಸೇರಿಸಿದ ಮೇಲೆ ಕ್ರಿಶ್ಚಿಯನ್ ಪ್ರೇಯರ್ ಇಲ್ಲದೆ ಇರುತ್ತದಾ ಅಕ್ಕ? ಬೇಡ ಅಂದರೆ ಸರ್ಕಾರಿ ಶಾಲೆ ಇದೆ. ಅಲ್ಲಿ ಬಿಸಿಯೂಟವೂ ಸಿಗುತ್ತದೆ.

ಶಿರಸಿ ವಕೀಲ

ಬೈತಖೋಲದ ಅಣ್ಣ, ಅದು ಅಷ್ಟು ಸರಳ ಅಲ್ಲ. ಸಂವಿಧಾನದ 28ನೇ ವಿಧಿಯನ್ನು ಒಮ್ಮೆ ಓದಿ ನೋಡಿ.

ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಮಾಡುವಂತೆಯೇ ಇಲ್ಲ. ಅದು ಮೊದಲ ಭಾಗ. ಅಕ್ಕನಿಗೆ ಬೇಕಾದದ್ದು ಮೂರನೇ ಭಾಗ. ಸರ್ಕಾರದ ಮಾನ್ಯತೆ ಇರುವ ಶಾಲೆ ಆಗಲಿ, ಅನುದಾನ ಪಡೆಯುವ ಶಾಲೆ ಆಗಲಿ, ಅಲ್ಲಿನ ಧರ್ಮಬೋಧನೆಯಲ್ಲಿ ಭಾಗವಹಿಸು, ಪೂಜೆ ಪ್ರಾರ್ಥನೆಗೆ ಹಾಜರಾಗು ಎಂದು ಯಾರನ್ನೂ ಕಡ್ಡಾಯ ಮಾಡುವ ಹಾಗಿಲ್ಲ. ಅವರೇ ಒಪ್ಪಿದ್ದರೆ ಬೇರೆ ಮಾತು. ಮಕ್ಕಳಾದರೆ ಪೋಷಕರು ಒಪ್ಪಿರಬೇಕು. ಅನುದಾನ ತೆಗೆದುಕೊಳ್ಳದ ಖಾಸಗಿ ಶಾಲೆಗೂ ಇದು ಅನ್ವಯ. ಮಾನ್ಯತೆ ಇದ್ದರೆ ಸಾಕು. "ನಾವು ಸರ್ಕಾರದ ಒಂದು ರೂಪಾಯಿ ಮುಟ್ಟುವುದಿಲ್ಲ" ಎನ್ನುವವರು ಈ ಮಾತನ್ನು ಮರೆಯುತ್ತಾರೆ.

ಇದರ ಜೊತೆಗೆ 30ನೇ ವಿಧಿಯೂ ಇದೆ. ಅಲ್ಪಸಂಖ್ಯಾತರು ತಮ್ಮ ಇಷ್ಟದ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸಬಹುದು. ಅಂದರೆ ಶಾಲೆಯವರು ಪ್ರಾರ್ಥನೆ ಇಟ್ಟುಕೊಳ್ಳಬಹುದು, ತಮ್ಮ ಮಕ್ಕಳಿಗೆ ಧರ್ಮ ಕಲಿಸಬಹುದು. ಅದನ್ನು ನಿಲ್ಲಿಸಿ ಎನ್ನುವ ಹಕ್ಕು ನಮಗಿಲ್ಲ. ನಮ್ಮ ಮಗು ಅದರಲ್ಲಿ ಇರಬೇಕೋ ಬೇಡವೋ ಎಂದು ಹೇಳುವ ಹಕ್ಕು ನಮಗಿದೆ.

ಫಾರ್ಮಿನ ಆ ಒಂದು ಸಾಲಿನ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. "ಎಲ್ಲ ಚಟುವಟಿಕೆ" ಎಂದರೆ ಆಟ, ಪ್ರವಾಸ, ಗ್ಯಾದರಿಂಗ್ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಪ್ರಾರ್ಥನೆಗೆ ಒಪ್ಪಿಗೆ ಬೇಕಾದರೆ ಪ್ರಾರ್ಥನೆ ಎಂದೇ ಬರೆಯಬೇಕು. 2022ರಲ್ಲಿ ಬೆಂಗಳೂರಿನ ಒಂದು ಶಾಲೆಯ ಅರ್ಜಿಯಲ್ಲಿ ಬೈಬಲ್ ತರಲು ಅಡ್ಡಿಯಿಲ್ಲ ಎಂದು ಪೋಷಕರಿಂದ ಬರೆಸಿಕೊಂಡಿದ್ದು ದೊಡ್ಡ ಸುದ್ದಿಯಾಗಿ, ಇಲಾಖೆ ನೋಟಿಸ್ ಕೊಟ್ಟಿತ್ತು. ಅದರ ಸರಿತಪ್ಪು ಆಮೇಲೆ. ಅಲ್ಲಿ ಆ ವಿಷಯ ಕಾಗದದ ಮೇಲಾದರೂ ಇತ್ತು. ಬೇಡ ಎನ್ನುವವರಿಗೆ ಜಾಗ ಮಾತ್ರ ಇರಲಿಲ್ಲ. ಅಕ್ಕನ ಫಾರ್ಮಿನಲ್ಲಿ ವಿಷಯವೂ ಇಲ್ಲ, ಜಾಗವೂ ಇಲ್ಲ.

ಸುಂಕೇರಿಯ ಅಪ್ಪ

ನಾನು ಕ್ಯಾಥೊಲಿಕ್. ನನ್ನ ಎರಡೂ ಮಕ್ಕಳು ಇಂಥದ್ದೇ ಶಾಲೆಯಲ್ಲಿ ಓದುತ್ತಿದ್ದಾರೆ. ಅಕ್ಕ ಮರ್ಯಾದೆಯಿಂದ ಬರೆದಿದ್ದಾರೆ, ಅದಕ್ಕೇ ನಾನೂ ಮನಸ್ಸು ಬಿಚ್ಚಿ ಬರೆಯುತ್ತೇನೆ.

ನಮ್ಮ ಜಿಲ್ಲೆಯಲ್ಲಿ ನಾವು ಕಡಿಮೆ ಜನ. ಕಾರವಾರ ಧರ್ಮಪ್ರಾಂತ್ಯ ಆಗಿದ್ದೇ 1976ರಲ್ಲಿ, ಬೆಳಗಾವಿಯಿಂದ ಬೇರೆಯಾಗಿ. ಶಾಲೆ ಅಂದರೆ ನಮಗೆ ಇಂಗ್ಲಿಷ್ ಕಲಿಸುವ ಕಟ್ಟಡ ಮಾತ್ರ ಅಲ್ಲ. ಬೆಳಿಗ್ಗೆ ಗಂಟೆ ಹೊಡೆದಾಗ ಮಗು ಕೈ ಜೋಡಿಸಿ ದೇವರ ಮುಂದೆ ನಿಂತು ದಿನ ಶುರು ಮಾಡಬೇಕು ಅನ್ನುವುದಕ್ಕೇ ಹಿಂದಿನವರು ಶಾಲೆ ಕಟ್ಟಿದ್ದು. ಈಗ ಕ್ಲಾಸಿನಲ್ಲಿ ನಮ್ಮ ಮಕ್ಕಳು ಬೆರಳೆಣಿಕೆ. ಉಳಿದವರೆಲ್ಲ ಬೇರೆ ಧರ್ಮದವರು. ಶಿಸ್ತು ಬೇಕು, ಸಿಸ್ಟರ್‌ಗಳ ಪಾಠ ಬೇಕು, ಆದರೆ ಪ್ರಾರ್ಥನೆ ಬೇಡ ಅಂದರೆ ನಮಗೆ ನೋವಾಗುತ್ತದೆ. ಆ ಸಿಸ್ಟರ್ ಮಕ್ಕಳನ್ನು ಹಾಗೆ ನೋಡಿಕೊಳ್ಳುವುದು ಯಾಕೆ ಅಂದುಕೊಂಡಿದ್ದೀರಿ? ಬೆಳಿಗ್ಗೆ ಎದ್ದು ಚಾಪೆಲ್‌ನಲ್ಲಿ ಮೊಣಕಾಲೂರಿ ಬಂದಿರುತ್ತಾರೆ, ಅದಕ್ಕೆ.

ಇನ್ನೂ ಒಂದು ಮಾತು. ಎಲ್ಲರಿಗೂ ಒಪ್ಪಿಗೆ ಆಗಲಿ ಎಂದು ಶಾಲೆಯವರು ಪ್ರಾರ್ಥನೆಯನ್ನು ಸಪ್ಪೆ ಮಾಡುತ್ತಾ ಬಂದಿದ್ದಾರೆ. ಮೊದಲು ಮಧ್ಯಾಹ್ನ 12ಕ್ಕೆ ಗಂಟೆ ಬಾರಿಸಿದರೆ ಎಲ್ಲರೂ ಎದ್ದು ನಿಂತು ದೇವದೂತನ ಪ್ರಾರ್ಥನೆ ಹೇಳುತ್ತಿದ್ದೆವು. ಅಕ್ಟೋಬರ್ ಅಂದರೆ ಜಪಮಾಲೆ ತಿಂಗಳು, ದಿನಾ ಒಂದು ಭಾಗ ಹೇಳುತ್ತಿದ್ದೆವು. ಈಗ ಅದೆಲ್ಲ ಇಲ್ಲ. ನನ್ನ ಮಕ್ಕಳಿಗೆ ದೊತೊರ್ನ್, ಅಂದರೆ ನಮ್ಮ ಧರ್ಮಪಾಠ, ಸರಿಯಾಗಿ ಸಿಗುವುದು ಭಾನುವಾರ ಇಗರ್ಜಿಯಲ್ಲಿ ಮಾತ್ರ. ಶಾಲೆಯಲ್ಲಿ ಅದಕ್ಕೆ ವಾರಕ್ಕೆ ಎರಡು ಪಿರಿಯಡ್ ಇದೆ, ಅದನ್ನೂ ಪರೀಕ್ಷೆ ಹತ್ತಿರ ಬಂದರೆ ಗಣಿತಕ್ಕೆ ಬಿಟ್ಟುಕೊಡುತ್ತಾರೆ.

ಕೋಡಿಬಾಗದ ಅಮ್ಮ

ಅಣ್ಣ, ಪ್ರಾರ್ಥನೆ ತೆಗೆಯಿರಿ ಎಂದು ನಾನು ಎಲ್ಲೂ ಹೇಳಿಲ್ಲ. ನಿಮ್ಮ ಮಕ್ಕಳಿಗೆ ಪೂರ್ತಿ ಸಿಗಲಿ. ಜಪಮಾಲೆಯೂ ಇರಲಿ, ದೊತೊರ್ನೂ ಇರಲಿ. ಎಲ್ಲರಿಗೂ ಹೊಂದಲಿ ಎಂದು ಅರ್ಧ ಮಾಡಿದರೆ ನಿಮಗೂ ಇಲ್ಲ, ನಮಗೂ ಇಲ್ಲ. ಯಾರು ಒಪ್ಪಿದ್ದಾರೆ ಎಂದು ಗೊತ್ತಿದ್ದರೆ ಆ ಮಕ್ಕಳಿಗೆ ಧೈರ್ಯವಾಗಿ, ಚೆನ್ನಾಗಿ ಕಲಿಸಬಹುದಲ್ವಾ? ನಾನು ಕೇಳುವ ಒಪ್ಪಿಗೆಯಿಂದ ನಿಮಗೇ ಅನುಕೂಲ ಜಾಸ್ತಿ ಅನಿಸುತ್ತದೆ.

ಹಬ್ಬುವಾಡದ ಅಬ್ಬಾ

ನನ್ನ ಮಗ ಮೂರನೇ ಕ್ಲಾಸು. ಅಸೆಂಬ್ಲಿಯಲ್ಲಿ ಸುಮ್ಮನೆ ನಿಲ್ಲುವುದಕ್ಕೆ ನಮ್ಮ ಅಡ್ಡಿ ಇಲ್ಲ. ಬೇರೆಯವರು ಪ್ರಾರ್ಥನೆ ಮಾಡುವಾಗ ಗಲಾಟೆ ಮಾಡಬಾರದು ಎಂದು ಮನೆಯಲ್ಲೇ ಕಲಿಸಿದ್ದೇವೆ. ಮೂರ್ತಿಯ ಮುಂದೆ ಮೊಣಕಾಲೂರುವುದು ಮತ್ತು ಶಿಲುಬೆ ಗುರುತು ಹಾಕುವುದು ಮಾತ್ರ ನಮಗೆ ಆಗುವುದಿಲ್ಲ. ಹೆಡ್ ಸಿಸ್ಟರ್ ಹತ್ತಿರ ಹೋಗಿ ಹೇಳಿದೆ. ಅವರು ಒಂದು ನಿಮಿಷವೂ ಯೋಚಿಸಲಿಲ್ಲ. "ಅವನು ಸುಮ್ಮನೆ ನಿಂತರೆ ಸಾಕು, ಶುಕ್ರವಾರ ಲೈಬ್ರರಿಯಲ್ಲಿ ಕೂರಲಿ" ಅಂದರು.

ಸಮಸ್ಯೆ ಬಂದಿದ್ದು ಜೂನ್‌ನಲ್ಲಿ, ಹೊಸ ಕ್ಲಾಸ್ ಟೀಚರ್ ಬಂದಾಗ. ಅವರಿಗೆ ಈ ವಿಷಯ ಯಾರೂ ಹೇಳಿರಲಿಲ್ಲ. ಎಲ್ಲರ ಮುಂದೆ ಮಗನ ಕೈ ಹಿಡಿದು ಜೋಡಿಸಿದರು. ಅವರಿಗೆ ಅದು ಶಿಸ್ತಿನ ವಿಷಯ ಅಷ್ಟೇ, ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಮಗ ಎರಡು ದಿನ ಶಾಲೆಗೆ ಹೋಗಲು ಅತ್ತ. ಬಾಯಿಮಾತಿನ ಒಪ್ಪಂದ ಹೀಗೇ. ಹೇಳಿದವರು, ಕೇಳಿದವರು ಇಬ್ಬರೂ ಇದ್ದರೆ ನಡೆಯುತ್ತದೆ. ಸಿಸ್ಟರ್‌ಗೆ ವರ್ಗ ಆದರೆ ಮತ್ತೆ ಮೊದಲಿಂದ.

ಶಿರಸಿ ವಕೀಲ

ಹಬ್ಬುವಾಡದ ಸಾಹೇಬರೇ, ಸುಮ್ಮನೆ ನಿಲ್ಲುವುದರ ಬಗ್ಗೆ ಸುಪ್ರೀಂ ಕೋರ್ಟಿನ ಒಂದು ಒಳ್ಳೆಯ ತೀರ್ಪು ಇದೆ. ಕೇರಳದಲ್ಲಿ 1985ರಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮೂರು ಮಕ್ಕಳನ್ನು ಶಾಲೆಯಿಂದ ತೆಗೆದುಹಾಕಿದರು. ರಾಷ್ಟ್ರಗೀತೆ ಆಗುವಾಗ ಅವರು ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ತಮ್ಮ ದೇವರಿಗೆ ಬಿಟ್ಟು ಬೇರೆ ಯಾವುದಕ್ಕೂ ಸ್ತುತಿ ಹಾಡಬಾರದು ಎಂಬುದು ಅವರ ನಂಬಿಕೆ. 1986ರಲ್ಲಿ ಕೋರ್ಟು ಮಕ್ಕಳ ಪರ ನಿಂತಿತು. ಗೌರವದಿಂದ ಎದ್ದು ನಿಂತಿದ್ದಾರೆ, ಹಾಡಲೇಬೇಕೆಂದು ಒತ್ತಾಯಿಸುವ ಹಾಗಿಲ್ಲ, ವಾಪಸ್ ಸೇರಿಸಿಕೊಳ್ಳಿ ಎಂದಿತು. ರಾಷ್ಟ್ರಗೀತೆಗೇ ಹೀಗೆ ಅಂದ ಮೇಲೆ ಶಾಲೆಯ ಪ್ರಾರ್ಥನೆಗೆ ಬಾಯಿ ತೆರೆಸಲು ಯಾರಿಗೆ ಅಧಿಕಾರ ಇದೆ? ಆ ಮಕ್ಕಳೂ ಕ್ರೈಸ್ತರ ಒಂದು ಪಂಥದವರೇ ಎಂಬುದನ್ನು ಸುಂಕೇರಿಯ ಅಣ್ಣ ಗಮನಿಸಬೇಕು. ಈ ರಕ್ಷಣೆ ಎಲ್ಲರಿಗೂ ಒಂದೇ.

ಕುಮಟಾದವಳು, ಈಗ ಲೆಸ್ಟರ್‌ನಲ್ಲಿ

ಇಂಗ್ಲೆಂಡಿನ ಕಥೆ ಹೇಳಲಾ? ನನ್ನ ಮಗ ಇಲ್ಲಿ ಚರ್ಚ್ ಆಫ್ ಇಂಗ್ಲೆಂಡ್‌ನ ಪ್ರಾಥಮಿಕ ಶಾಲೆಗೆ ಹೋಗುತ್ತಾನೆ. ಮನೆಗೆ ಹತ್ತಿರ ಇರುವುದು ಅದೇ. ಇಲ್ಲಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಈ ಚರ್ಚಿನದು.

ಇಲ್ಲಿ 1944ರ ಶಿಕ್ಷಣ ಕಾಯ್ದೆಯಿಂದಲೂ ದಿನಾ ಸಾಮೂಹಿಕ ಪ್ರಾರ್ಥನೆ ಕಡ್ಡಾಯ. ಚರ್ಚ್ ಶಾಲೆ ಅಲ್ಲದ ಸಾಮಾನ್ಯ ಶಾಲೆಗೂ ಇದೆ! 1988ರ ಕಾಯ್ದೆ ಬಂದ ಮೇಲೆ ಸಾಮಾನ್ಯ ಶಾಲೆಯ ಪ್ರಾರ್ಥನೆಯೂ ಒಟ್ಟಾರೆ ಕ್ರೈಸ್ತ ಸ್ವರೂಪದ್ದೇ ಆಗಿರಬೇಕು ಎಂದಾಯಿತು. ಎಷ್ಟೋ ಸಾಮಾನ್ಯ ಶಾಲೆಗಳು ಇದನ್ನು ಸರಿಯಾಗಿ ಮಾಡುವುದಿಲ್ಲ, ಅದು ಬೇರೆ. ಚರ್ಚ್ ಶಾಲೆಯವರು ಮಾತ್ರ ಶ್ರದ್ಧೆಯಿಂದ ಮಾಡುತ್ತಾರೆ. ಮಗನ ಶಾಲೆಯಲ್ಲಿ ಹಾಲ್‌ನಲ್ಲಿ ಮಕ್ಕಳು ನೆಲದ ಮೇಲೆ ಕೂರುತ್ತಾರೆ. ಒಂದು ಮೇಣದಬತ್ತಿ ಹಚ್ಚುತ್ತಾರೆ. ಒಂದು ಹಾಡು, ಬೈಬಲಿನ ಒಂದು ಕಥೆ. ಕೊನೆಗೆ ಟೀಚರ್, "ಈಗ ನಾನು ಪ್ರಾರ್ಥನೆ ಹೇಳುತ್ತೇನೆ. ಇದು ನಿಮ್ಮದೂ ಆಗಬೇಕು ಅನಿಸಿದರೆ ಕೊನೆಯಲ್ಲಿ ಆಮೆನ್ ಅನ್ನಿ" ಎನ್ನುತ್ತಾರೆ. ಈ ಮಾತು ನನಗೆ ಬಹಳ ಹಿಡಿಸಿತು.

ಮಗುವನ್ನು ಪ್ರಾರ್ಥನೆಯಿಂದ ಹೊರಗಿಡುವ ಹಕ್ಕು ತಂದೆತಾಯಿಗೆ ಇದೆ. ಕಾರಣವನ್ನೂ ಕೊಡಬೇಕಿಲ್ಲ. ಆದರೆ ನಾವೇ ಹೋಗಿ ಬೇಡ ಅನ್ನಬೇಕು. ಬಾಯಿ ಬಿಡದಿದ್ದರೆ ಒಪ್ಪಿದ ಹಾಗೆ. ವಕೀಲರು ಹೇಳಿದ್ದು ನೋಡಿದರೆ ನಮ್ಮ ಸಂವಿಧಾನ ಒಂದು ಹೆಜ್ಜೆ ಮುಂದಿದೆ. ನಮ್ಮಲ್ಲಿ ಮೊದಲು ಹೂಂ ಅನ್ನಬೇಕು, ಆಮೇಲೆ ಪ್ರಾರ್ಥನೆ. ಬರೆದಿರುವುದನ್ನು ನಾವು ನಡೆಸುತ್ತಿಲ್ಲ ಅಷ್ಟೇ.

ಧರ್ಮದ ಪಾಠ ಅನ್ನುವುದು ಇಲ್ಲಿ ಬೇರೆಯೇ ಪಿರಿಯಡ್. ಚರ್ಚ್ ಶಾಲೆಯಾದರೂ ಅದರಲ್ಲಿ ಹಿಂದೂ, ಮುಸ್ಲಿಂ, ಸಿಖ್, ಯಹೂದಿ ಎಲ್ಲರ ಬಗ್ಗೆ ಹೇಳಿಕೊಡುತ್ತಾರೆ. ದೀಪಾವಳಿ ಪಾಠದ ದಿನ ನನ್ನನ್ನೇ ಕರೆದಿದ್ದರು.

ಅಕ್ಕೋರು (ನಿವೃತ್ತ)

ನಾನು ಕರಾವಳಿಯ ಕ್ರೈಸ್ತ ಶಾಲೆಯೊಂದರಲ್ಲಿ ಬಹಳ ವರ್ಷ ಪ್ರಾಥಮಿಕ ವಿಭಾಗಕ್ಕೆ ಕಲಿಸಿದವಳು. ನಾನು ಕ್ರೈಸ್ತಳಲ್ಲ. ಪಿರಿಯಡ್‌ನ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಿಜವಾದ ತೊಂದರೆ ಇರುವುದು ಅಲ್ಲಿ.

ವಾರಕ್ಕೆ ಎರಡು ಸಲ ಕ್ಯಾಥೊಲಿಕ್ ಮಕ್ಕಳು ಪುಸ್ತಕ ಹಿಡಿದು ಸಿಸ್ಟರ್ ಹಿಂದೆ ಹೋಗುತ್ತಾರೆ. ಉಳಿದವರಿಗೆ ಮೌಲ್ಯ ಶಿಕ್ಷಣ, ಹಿಂದೆ ಮಾರಲ್ ಸೈನ್ಸ್ ಅನ್ನುತ್ತಿದ್ದೆವು. ಕಾಗದದ ಮೇಲೆ ಬಹಳ ಚಂದ. ಆದರೆ ಹೆಚ್ಚಿನ ಕಡೆ ಅದಕ್ಕೆ ಟೀಚರೇ ಇರುವುದಿಲ್ಲ. ಯಾರಿಗೆ ಪಿರಿಯಡ್ ಖಾಲಿ ಇದೆಯೋ ಅವರು ಬಂದು ಕೂರುತ್ತಾರೆ, "ಹೋಮ್‌ವರ್ಕ್ ಬರೆಯಿರಿ" ಎನ್ನುತ್ತಾರೆ. ಒಂದು ಕಡೆ ಮಕ್ಕಳಿಗೆ ಕಥೆ, ಹಾಡು, ಬಣ್ಣದ ಚಿತ್ರ. ಇನ್ನೊಂದು ಕಡೆ ಕೈಕಟ್ಟಿ ಬಾಯಿಮುಚ್ಚಿ ಕೂರುವುದು. ಏಳು ವರ್ಷದ ಮಗು ಯಾವುದನ್ನು ಬಯಸುತ್ತದೆ ಹೇಳಿ? ಕೋಡಿಬಾಗದ ತಂಗಿ, ನಿಮ್ಮ ಮಗಳಿಗೆ ಚಾಪೆಲ್ ಇಷ್ಟ ಆಗಿದ್ದರಲ್ಲಿ ಆಶ್ಚರ್ಯ ಇಲ್ಲ. ಅಲ್ಲಿ ಅವಳಿಗಾಗಿ ಯಾರೋ ತಯಾರಿ ಮಾಡಿಕೊಂಡು ಬಂದಿರುತ್ತಾರೆ.

ಒಂದು ವರ್ಷ ಆ ಪಿರಿಯಡ್ ನನಗೇ ಬಂತು, ನಾಲ್ಕನೇ ಕ್ಲಾಸಿಗೆ. ಕೊಟ್ಟ ಪುಸ್ತಕದಲ್ಲಿ "ಸತ್ಯ ಹೇಳಬೇಕು", "ಹಿರಿಯರನ್ನು ಗೌರವಿಸಬೇಕು" ಅಷ್ಟೇ ಇತ್ತು. ಅದನ್ನು ಬದಿಗಿಟ್ಟು ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಮನೆಯಲ್ಲಿ ದೊಡ್ಡವರು ದೊಡ್ಡ ಕೆಲಸ ಶುರು ಮಾಡುವ ಮೊದಲು ಏನು ಮಾಡುತ್ತಾರೆ, ಏನು ಹೇಳುತ್ತಾರೆ, ಯಾಕೆ ಎಂದು ಕೇಳಿಕೊಂಡು ಬನ್ನಿ ಎಂದೆ. ಮರುವಾರ ಕ್ಲಾಸು ಪಿರಿಯಡ್ ಮುಗಿದರೂ ಮುಗಿಯಲಿಲ್ಲ. ಒಬ್ಬ ಹುಡುಗ ನೂಲು ಹುಣ್ಣಿಮೆಗೆ ಅಜ್ಜ ಸಮುದ್ರಕ್ಕೆ ತೆಂಗಿನಕಾಯಿ ಬಿಡುವುದನ್ನು ನಿಂತು ಮಾಡಿ ತೋರಿಸಿದ. ಅದಾದ ಮೇಲೇ ದೋಣಿ ಇಳಿಸುವುದು ಎಂದ. ಒಬ್ಬಳು ಬಿಸ್ಮಿಲ್ಲಾ ಎಂದರೆ ಏನೆಂದು ಹೇಳಿದಳು. ಆ ದಿನ ಸಿಸ್ಟರ್ ಇರಲಿಲ್ಲ, ಹಾಗಾಗಿ ಕ್ಯಾಥೊಲಿಕ್ ಮಕ್ಕಳೂ ಇದ್ದರು. ಸೆಪ್ಟೆಂಬರ್ 8ರ ಮರಿಯಮ್ಮನ ಹಬ್ಬಕ್ಕೆ ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿ ಮನೆಗೆ ತರುತ್ತೇವೆ ಎಂದು ಒಬ್ಬ ಹುಡುಗ ಹೇಳಿದ. ತಕ್ಷಣ ಹಿಂದಿನ ಬೆಂಚಿನಿಂದ, "ನಾವೂ ತೆನೆ ತರುತ್ತೇವೆ, ಬಾಗಿಲಿಗೆ ಕಟ್ಟುತ್ತೇವೆ" ಎಂದು ಕೂಗು ಬಂತು. ನಾನು ಏನೂ ಕಲಿಸಿರಲಿಲ್ಲ, ಸುಮ್ನೆ ಕೇಳುತ್ತಾ ಕೂತಿದ್ದೆ.

ಶಿರಸಿ ವಕೀಲ

ಅಕ್ಕೋರೇ, ಇದನ್ನು ಓದಿ ಖುಷಿಯಾಯಿತು. ನೀವು ಮಾಡಿದ್ದಕ್ಕೆ ಕಾನೂನಿನ ಅಡ್ಡಿ ಯಾವ ಶಾಲೆಯಲ್ಲೂ ಇಲ್ಲ, ಸರ್ಕಾರಿ ಶಾಲೆಯಲ್ಲೂ ಇಲ್ಲ. ಎಲ್ಲ ಧರ್ಮಗಳ ಬಗ್ಗೆ ತಿಳಿಸುವುದು ಬೇರೆ, ಒಂದು ಧರ್ಮವನ್ನು ಆಚರಿಸಲು ಕಲಿಸುವುದು ಬೇರೆ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ, ರಾಷ್ಟ್ರೀಯ ಪಠ್ಯಕ್ರಮದ ಪ್ರಕರಣದಲ್ಲಿ, ಒಪ್ಪಿದೆ. ಮೊದಲನೆಯದಕ್ಕೆ 28ನೇ ವಿಧಿ ಅಡ್ಡ ಬರುವುದಿಲ್ಲ.

ಅರ್ಗಾ ಕ್ವಾರ್ಟರ್ಸ್

ನಾವು ನೌಕಾನೆಲೆಯ ಕುಟುಂಬ. ಊರಿಂದ ಊರಿಗೆ ಹೋಗುವಾಗ ಮಕ್ಕಳಿಗೆ ಸಿಕ್ಕ ಶಾಲೆಯೇ ಶಾಲೆ, ಆರಿಸುವ ಅವಕಾಶ ಕಡಿಮೆ. ಇಲ್ಲದಿದ್ದರೆ ಬೇರೆ ಶಾಲೆ ನೋಡಿಕೊಳ್ಳಿ ಎನ್ನುವುದು ಎಲ್ಲರಿಗೂ ಆಗುವ ಮಾತಲ್ಲ.

ಬೈತಖೋಲದವ

ಸರಿ, ಅದು ಒಪ್ಪಿದೆ. ಆದರೆ ಒಂದು ಕೇಳುತ್ತೇನೆ ವಕೀಲರೇ. ಸರ್ಕಾರಿ ಶಾಲೆಯಲ್ಲಿ ಧರ್ಮಬೋಧನೆ ಇಲ್ಲವೇ ಇಲ್ಲ ಎಂದಿರಿ. ನಮ್ಮ ಕಡೆ ಶಾಲೆಗಳಲ್ಲಿ ಗಣಪತಿ ಕೂರಿಸುತ್ತಾರೆ, ಶಾರದಾ ಪೂಜೆ ಮಾಡುತ್ತಾರೆ. ಆಗ ಕ್ರಿಶ್ಚಿಯನ್, ಮುಸ್ಲಿಂ ಮಕ್ಕಳ ತಂದೆತಾಯಿಯನ್ನು ಯಾರು ಕೇಳುತ್ತಾರೆ?

ಕೋಡಿಬಾಗದ ಅಮ್ಮ

ಯಾರೂ ಕೇಳುವುದಿಲ್ಲ, ಕೇಳಬೇಕು. ನಾನು ಸಿಸ್ಟರ್ ಹತ್ತಿರ ಬಯಸುವ ಮರ್ಯಾದೆಯನ್ನೇ ಆ ಮಕ್ಕಳ ತಾಯಿ ಮಾಸ್ತರ ಹತ್ತಿರ ಬಯಸುತ್ತಾಳೆ. ನಮಗೆ ಅದು ಹಬ್ಬದ ಹಾಗೆ ಕಾಣುತ್ತದೆ, ಅವಳಿಗೆ ಪೂಜೆಯ ಹಾಗೆ ಕಾಣುತ್ತದೆ. ಈ ಮಾತನ್ನು ನಮ್ಮವರ ಮುಂದೆ ಹೇಳಿದರೆ ಮುಖ ಸಣ್ಣದು ಮಾಡುತ್ತಾರೆ. ಆದರೂ ಹೇಳುತ್ತೇನೆ.

ಸುಂಕೇರಿಯ ಅಪ್ಪ

ಅಕ್ಕ, ಈ ಉತ್ತರಕ್ಕೆ ಕೈ ಮುಗಿಯುತ್ತೇನೆ. ಈಗ ನನ್ನ ಕಡೆಯ ಒಂದು ಮಾತು. 2024ರಲ್ಲಿ ನಮ್ಮ ಬಿಷಪ್‌ಗಳ ಮಂಡಳಿಯೇ, ಸಿಬಿಸಿಐ ಅನ್ನುತ್ತೇವೆ, ದೇಶದ ಕ್ಯಾಥೊಲಿಕ್ ಶಾಲೆಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಬೇರೆ ಧರ್ಮದ ಮಕ್ಕಳ ಮೇಲೆ ನಮ್ಮ ಆಚರಣೆ ಹೇರಬಾರದು, ಎಲ್ಲ ಧರ್ಮಕ್ಕೂ ಗೌರವ ಇರಬೇಕು, ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸಬೇಕು ಎಂದು ಅದರಲ್ಲಿದೆ. ಎಲ್ಲ ಧರ್ಮದವರಿಗೂ ಆಗುವ ಪ್ರಾರ್ಥನಾ ಕೋಣೆ ಇರಲಿ ಎಂದೂ ಇದೆ. ಪೀಠಿಕೆ ಓದಬೇಕೆಂದು ನಮ್ಮ ರಾಜ್ಯ ಸರ್ಕಾರ 2023ರಲ್ಲೇ ಹೇಳಿದೆ, ಹಾಗಾಗಿ ಅದು ಈಗಾಗಲೇ ನಡೆಯುತ್ತಿದೆ. ಉಳಿದದ್ದನ್ನು ನಿಮ್ಮ ಶಾಲೆಯಲ್ಲಿ ಕೇಳಲು ಹಿಂಜರಿಯಬೇಡಿ. ಸಿಸ್ಟರ್ ಮುಂದೆ ಇದನ್ನೇ ಇಡಿ. ಕೋರ್ಟು ಕಾನೂನು ಅಂದರೆ ಅವರು ಹೆದರುತ್ತಾರೆ. ಬಿಷಪ್‌ಗಳು ಹೇಳಿದ್ದು ಅಂದರೆ ಕೂತು ಕೇಳುತ್ತಾರೆ.

ಕೋಡಿಬಾಗದ ಅಮ್ಮ

ಪೋಷಕರ ಸಭೆ ಮುಗಿಸಿ ಬಂದೆ. ಹಬ್ಬುವಾಡದ ಅಣ್ಣ ಕೂಡ ಬಂದಿದ್ದರು, ಅವರ ಮಗನೂ ಅದೇ ಶಾಲೆ ಎಂದು ಅಲ್ಲೇ ಗೊತ್ತಾಯಿತು. ಹೆಡ್ ಸಿಸ್ಟರ್ ಪೂರ್ತಿ ಕೇಳಿದರು. ಮೊದಲು ಸ್ವಲ್ಪ ಬೇಜಾರಾದ ಹಾಗೆ ಕಂಡರು. "ಇಷ್ಟು ವರ್ಷ ಯಾರೂ ಕೇಳಿರಲಿಲ್ಲ" ಅಂದರು. ಕೇಳಲು ಜನ ಹೆದರುತ್ತಾರೆ ಸಿಸ್ಟರ್, ಮಗುವಿನ ಮೇಲೆ ಸಿಟ್ಟಾದರೆ ಅನ್ನುವ ಹೆದರಿಕೆ ಎಂದೆ. ಅದಕ್ಕೆ ಅವರು ಏನೂ ಹೇಳಲಿಲ್ಲ, ಡೈರಿ ತೆಗೆದು ಬರೆದುಕೊಂಡರು.

ಜೂನ್‌ನಿಂದ ಬೇರೆ ಒಂದು ಹಾಳೆ ಕೊಡುತ್ತಾರೆ. ಅಸೆಂಬ್ಲಿಯ ಪ್ರಾರ್ಥನೆ ಹೇಳುವುದು, ಧರ್ಮಪಾಠದ ಪಿರಿಯಡ್, ಚಾಪೆಲ್. ಮೂರಕ್ಕೂ ಬೇರೆ ಬೇರೆ ಹೌದು, ಇಲ್ಲ. ವರ್ಷದ ಮಧ್ಯೆ ಮನಸ್ಸು ಬದಲಾದರೆ ತಿದ್ದಬಹುದು. ಯಾವ ಮಗುವಿಗೆ ಏನು ಎಂಬ ಪಟ್ಟಿ ಕ್ಲಾಸ್ ಟೀಚರ್ ಹತ್ತಿರ ಇರುತ್ತದೆ, ಟೀಚರ್ ಬದಲಾದರೂ ಪಟ್ಟಿ ಇರುತ್ತದೆ. ಇದನ್ನು ಹಬ್ಬುವಾಡದ ಅಣ್ಣ ಪಟ್ಟು ಹಿಡಿದು ಸೇರಿಸಿದರು.

ನಾವು ಏನು ಬರೆಯುತ್ತೇವೆ ಎಂದು ಮನೆಯಲ್ಲಿ ಮಾತಾಡಿದೆವು. ಅಸೆಂಬ್ಲಿಗೆ ಹೌದು. ಊಟದ ಪ್ರಾರ್ಥನೆಯೂ ಇರಲಿ ಎಂದು ಅತ್ತೆಯೇ ಹೇಳಿದರು, ಜೊತೆಗೆ ತಾವೂ ಒಂದು ಶ್ಲೋಕ ಕಲಿಸುತ್ತಾರಂತೆ. ಚಾಪೆಲ್‌ಗೆ ಸದ್ಯ ಇಲ್ಲ. ದೊಡ್ಡವಳಾದ ಮೇಲೆ ನೋಡಬೇಕು ಅನಿಸಿದರೆ ನಾನೇ ಕರೆದುಕೊಂಡು ಹೋಗುತ್ತೇನೆ.

ಹಾಳೆ ಇಂಗ್ಲಿಷ್, ಕನ್ನಡ ಎರಡರಲ್ಲೂ ಇರುತ್ತದೆ. ಕೊಂಕಣಿಯಲ್ಲೂ ಇದ್ದರೆ ಒಳ್ಳೆಯದು ಎಂದೆ. ಬರೆಯುವವರು ಯಾರು ಎಂದು ಕೇಳಿದರು.

ಸುಂಕೇರಿಯ ಅಪ್ಪ

ನಾನು ಬರೆದುಕೊಡುತ್ತೇನೆ, ಕನ್ನಡ ಲಿಪಿಯಲ್ಲಿ. ಓದಲು ಬಾರದ ಅಜ್ಜ ಅಜ್ಜಿ ಮಗುವನ್ನು ಸೇರಿಸಲು ಬಂದರೆ ಆಫೀಸಿನಲ್ಲಿ ಯಾರಾದರೂ ಜೋರಾಗಿ ಓದಿ ಹೇಳಲಿ. ಅದನ್ನೂ ಹೇಳಿಬಿಡಿ. ಮತ್ತೆ ಧರ್ಮಪಾಠದ ಪಿರಿಯಡ್‌ನ್ನು ಗಣಿತಕ್ಕೆ ಕೊಡಬಾರದು ಎಂದು ಮುಂದಿನ ಸಭೆಯಲ್ಲಿ ನಮ್ಮ ಪರವಾಗಿಯೂ ಒಂದು ಮಾತು ಆಡಿ ಅಕ್ಕ.

ಕೋಡಿಬಾಗದ ಅಮ್ಮ

ಖಂಡಿತ ಆಡುತ್ತೇನೆ. ಒಂದು ವಿಷಯ ಮಾತ್ರ ಬಗೆಹರಿಯಲಿಲ್ಲ. ಧರ್ಮಪಾಠಕ್ಕೆ ಇಲ್ಲ ಎಂದವರ ಮಕ್ಕಳಿಗೆ ಆ ಹೊತ್ತು ಯಾರು ಕಲಿಸುವುದು? ಟೀಚರ್ ಕಡಿಮೆ ಇದ್ದಾರೆ ಎಂದು ಸಿಸ್ಟರ್ ಹೇಳುತ್ತಾರೆ. ಅದು ನಿಜವೂ ಹೌದು.

ಅಕ್ಕೋರು (ನಿವೃತ್ತ)

ಮಂಗಳವಾರ ನಾನು ಬರುತ್ತೇನೆ ತಂಗಿ, ಸಂಬಳ ಬೇಡ. ಇನ್ನೊಂದು ದಿನಕ್ಕೆ ಬೇರೆ ಯಾರನ್ನಾದರೂ ನೋಡಿ. ಮಕ್ಕಳನ್ನು ವರಾಂಡದಲ್ಲಿ ಕೂರಿಸಬಾರದು, ಅವರಿಗೂ ಒಂದು ಕೋಣೆ, ಒಂದು ಬೋರ್ಡು ಕೊಡಬೇಕು. ಸಿಸ್ಟರ್ ಹತ್ತಿರ ಇಷ್ಟು ಕೇಳಿ ನನಗೆ ತಿಳಿಸಿ.